ನೇರಳೆ ದಾರದ ಗಂಟು

ಅಕ್ಕ ತೀರಿಕೊಂಡು ಹದಿನೈದು ದಿನವಾಗಿತ್ತು. ಬೆಳಿಗ್ಗೆ ಹತ್ತು ದಾಟಿತ್ತು. ಹೊಲಿಗೆ ಯಂತ್ರದ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದೆ. ಬಾಲ್ಕನಿಯ ಕಡೆಯಿಂದ ತಟ್ಟುವ ಸದ್ದು ಬಂತು. ಟಕ್, ಟಕ್, ಟಕ್. ಸ್ವಲ್ಪ ಬಿಟ್ಟು ಮತ್ತೆ ಮೂರು. ಮರದ ಹಲಗೆಯ ಮೇಲೆ ಬೆರಳ ಗೆಣ್ಣಿನಿಂದ ಬಡಿದ ಹಾಗೆ. ಮನೆಯಲ್ಲಿ ನಾನೊಬ್ಬಳೇ ಇದ್ದೆ. ಭಾವ ಕೆಲಸಕ್ಕೆ ಹೋಗಿ ಎರಡು ಗಂಟೆಯಾಗಿತ್ತು.

ಎದ್ದು ಹೋಗಿ ನೋಡಲಿಲ್ಲ. ಹೆದರಿಕೆಯಿಂದ ಎಂದರೆ ಅರ್ಧ ನಿಜ. ಇನ್ನರ್ಧವೆಂದರೆ, ಆ ಸದ್ದಿನ ಗುರುತು ನನಗಿತ್ತು. ಅಕ್ಕ ಬದುಕಿದ್ದಾಗ ದಿನವೂ ಇದೇ ಸದ್ದು ಕೇಳಿ ಹಲ್ಲು ಕಡಿಯುತ್ತ ಕೂತವಳು ನಾನು. ಅವಳ ಕಡೆಯ ದಿನವೂ ಹಾಗೇ ಕೂತಿದ್ದೆ.

ನಮ್ಮ ಮನೆ ಐದನೇ ಮಹಡಿಯಲ್ಲಿದೆ. ಎರಡು ಕೋಣೆ, ಒಂದು ಅಡುಗೆಮನೆ, ಕೋಣೆಗಿಂತ ಉದ್ದದ ಒಂದು ಬಾಲ್ಕನಿ. ಭಾವ ಲಿಫ್ಟ್ ರಿಪೇರಿ ಮಾಡುವವರು. ಗೋಡೆಗೆ ಕಿವಿ ಕೊಟ್ಟು ಯಾವ ಚಕ್ರ ಸವೆದಿದೆ ಎಂದು ಹೇಳಬಲ್ಲರು, ಎದುರಿಗೆ ನಿಂತವರು ಮಾತಾಡಿದ್ದು ಮಾತ್ರ ಎರಡು ಸಲ ಹೇಳಬೇಕು. ನಾನು ಬಟ್ಟೆ ಹೊಲಿಯುವವಳು. ಶಾಲೆಯ ಸಮವಸ್ತ್ರ, ಆಸ್ಪತ್ರೆಯ ಬಿಳಿ ಕೋಟು, ಕಿಟಕಿ ಪರದೆ, ಏನು ಸಿಕ್ಕಿದರೆ ಅದು. ಮದುವೆ ಗಿದುವೆ ತಲೆಗೆ ಹಚ್ಚಿಕೊಳ್ಳದೆ ಅಕ್ಕನ ಮನೆಯಲ್ಲೇ ಬೇರುಬಿಟ್ಟಿದ್ದೆ. ಚುಚ್ಚಿ ಮಾತಾಡುತ್ತೇನೆಂದು ಅಕ್ಕ ನನಗೆ ಸೂಜಿ ಎಂದೇ ಹೆಸರಿಟ್ಟಿದ್ದಳು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಸುಳ್ಳೇಕೆ ಹೇಳಲಿ.

ಅಕ್ಕನಿಗೆ ಹೃದಯದ ತೊಂದರೆ. ಕೆಲಸ ಬಿಟ್ಟು ಮನೆಯಲ್ಲಿರಬೇಕು ಎಂದು ಡಾಕ್ಟರು ಹೇಳಿದ ಮೇಲೆ ಅವಳು ಬಾಲ್ಕನಿ ಹಿಡಿದಳು. ಇಪ್ಪತ್ತು ಲೀಟರಿನ ಪೇಂಟ್ ಡಬ್ಬಗಳ ತಳಕ್ಕೆ ಕಾಯಿಸಿದ ಸ್ಕ್ರೂಡ್ರೈವರ್‌ನಿಂದ ತೂತು ಹಾಕಿ, ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಕಲಸಿ ತುಂಬಿ, ಐದು ಟೊಮೆಟೊ ಗಿಡ ಎಬ್ಬಿಸಿದಳು. ಹಿಡಿ ಮುರಿದ ಬಕೆಟ್ಟಿನಲ್ಲಿ ಬದನೆ, ಯಾರೋ ಎಸೆದ ಮಗುವಿನ ಟಬ್ಬಿನಲ್ಲಿ ಸೊಪ್ಪು, ಭಾವನ ಒಡೆದ ಹೆಲ್ಮೆಟ್ಟಿನಲ್ಲಿ ಪುದೀನ. ಮನೆಯಲ್ಲಿ ಏನಾದರೂ ಒಡೆದರೆ ನಾವು ಅಯ್ಯೋ ಎನ್ನುವಷ್ಟರಲ್ಲಿ ಅವಳು ಅದನ್ನು ಎತ್ತಿಕೊಂಡು ಹೋಗಿರುತ್ತಿದ್ದಳು.

"ನಾಳೆ ನಾನು ಬಿದ್ದು ತಲೆ ಒಡ್ಕೊಂಡ್ರೆ ಅದ್ರಲ್ಲೂ ಕೊತ್ತಂಬರಿ ಹಾಕ್ತೀಯ ನೀನು," ಅಂದಿದ್ದೆ ಒಮ್ಮೆ.

"ಸಲೀಸು ಕಣೆ. ನಿನ್ನ ತಲೇಲಿ ಮಣ್ಣು ಆಗ್ಲೇ ತುಂಬಿದೆ," ಅಂದಳು.

ಐದು ಡಬ್ಬಗಳೂ ಇಟ್ಟಿಗೆಯ ಮೇಲಿಟ್ಟ ಒಂದು ಉದ್ದ ಹಲಗೆಯ ಮೇಲೆ ಸಾಲಾಗಿ ನಿಂತಿದ್ದವು. ಬೆಳಕು ಚೆನ್ನಾಗಿದೆಯೆಂದು ನನ್ನ ಹೊಲಿಗೆ ಯಂತ್ರವೂ ಅಲ್ಲೇ ಇತ್ತು. ಅಕ್ಕ ಅದರ ಮೇಜನ್ನು ಹಲಗೆಗೆ ಒತ್ತಿ ನಿಲ್ಲಿಸಿ, ನಡುವೆ ಮಡಿಸಿದ ರಟ್ಟು ತುರುಕಿದ್ದಳು. ನಾನು ಪೆಡಲ್ ಒತ್ತಿದರೆ ಸಾಕು, ಹಲಗೆ ನಡುಗಿ, ಹೂವೆಲ್ಲ ಮಲೇರಿಯ ಬಂದವರ ಹಾಗೆ ನಡುಗುತ್ತಿದ್ದವು. ಇದೇನಿದು ಎಂದು ಕೇಳಿದ್ದಕ್ಕೆ "ಅವಕ್ಕೂ ಒಂಚೂರು ವ್ಯಾಯಾಮ ಆಗ್ಲಿ ಬಿಡು" ಎಂದು ನಕ್ಕಳು. ಯಾವುದನ್ನೂ ಪೂರ್ತಿ ಹೇಳುವ ಅಭ್ಯಾಸ ಅವಳಿಗಿರಲಿಲ್ಲ.

ರಸ್ತೆಯ ಮಸಿ ಬಟ್ಟೆಗೆ ಹತ್ತುತ್ತದೆಂದು ಬಾಲ್ಕನಿಗೆ ಗಾಜು ಹಾಕಿಸಿದವಳು ನಾನು. ಸದಾ ಮುಚ್ಚಿರಬೇಕೆಂದು ಕಟ್ಟಪ್ಪಣೆ ಮಾಡಿದವಳೂ ನಾನೇ. ಅದಕ್ಕೂ ಅಕ್ಕ ಹೂಂ ಅಂದಿದ್ದಳು. ಆದರೆ ಒಂದು ದಿನ ಅವಳು ಗಿಡಕ್ಕೆ ನೀರು ಹಾಕುವಾಗ ಕೆಸರು ಸಿಡಿದು ಹೊಲಿದಿಟ್ಟ ನಾಲ್ಕು ಬಿಳಿ ಕೋಟಿಗೂ ಬಿತ್ತು. ನನಗೆ ಪಿತ್ತ ನೆತ್ತಿಗೇರಿತು.

"ಈ ಕಸದ ಡಬ್ಬಗಳ ಮೇಲಿರೋ ಪ್ರೀತಿ ನಿಂಗೆ ನನ್ನ ಮೇಲಿಲ್ಲ. ಇಡೀ ದಿನ ಕೂತು ತಿನ್ನೋರಿಗೆ ದುಡಿಯೋರ ಕಷ್ಟ ಏನ್ ಗೊತ್ತಾಗುತ್ತೆ?"

ಕಾಯಿಲೆಯವಳಿಗೆ ಆಡುವ ಮಾತೇ ಅದು? ಆಡಿದ ಕ್ಷಣವೇ ನಾಲಿಗೆ ಕಚ್ಚಿಕೊಂಡೆ, ಆದರೆ ಕ್ಷಮಿಸು ಅನ್ನಲಿಲ್ಲ. ಅವಳು ಬಟ್ಟೆ ಒಗೆಯಲು ಎತ್ತಿಕೊಂಡಳು. ನಾನು ಯಂತ್ರವನ್ನು ದರದರನೆ ಎಳೆದು ಒಳಕೋಣೆಗೆ ಸಾಗಿಸಿದೆ. ಆವತ್ತಿನಿಂದ ನಮ್ಮಿಬ್ಬರ ನಡುವೆ ಮಾತು ನಿಂತಿತು.

ತಟ್ಟುವುದು ಶುರುವಾದದ್ದು ಮಾರನೆಯ ದಿನ. ಬೆಳಿಗ್ಗೆ ಹತ್ತಕ್ಕೆ ಅಕ್ಕ ಬಾಲ್ಕನಿಗೆ ಹೋಗಿ ಹಲಗೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಟಕಟಕ ತಟ್ಟುತ್ತ ಬರುತ್ತಿದ್ದಳು. ನನ್ನ ಯಂತ್ರದ ಸದ್ದನ್ನು ಅಣಕಿಸುತ್ತಿದ್ದಾಳೆ, ಬೇಕೆಂದೇ ಉರಿಸುತ್ತಿದ್ದಾಳೆ ಎಂದುಕೊಂಡೆ. ನಾನೇನು ಕಡಿಮೆಯೇ? ಅವಳು ತಟ್ಟಿದಷ್ಟೂ ನಾನು ಪೆಡಲ್ ಜೋರಾಗಿ ಒತ್ತಿದೆ. ಹೀಗೆ ಹತ್ತೊಂಬತ್ತು ದಿನ.

ಇಪ್ಪತ್ತನೆಯ ದಿನ ಒಂದು ಬ್ಯಾಂಡಿನವರ ಸಮವಸ್ತ್ರದ ಕೆಲಸ ಹಿಡಿದಿದ್ದೆ. ಕಡು ನೇರಳೆ ಬಣ್ಣ. ಆ ಬಣ್ಣದ ರೀಲು ನನ್ನಲ್ಲಿರಲಿಲ್ಲ, ಹಿಂದಿನ ಸಂಜೆ ತಂದಿದ್ದೆ, ಬೆಳಿಗ್ಗೆ ಒಂಬತ್ತೂವರೆಗೆ ಬಿಚ್ಚಿದೆ. ಅಕ್ಕ ಒಳಗೆ ಬಂದು ಚಿಂದಿ ಬುಟ್ಟಿಯ ಹತ್ತಿರ ಬಗ್ಗಿ ಎದ್ದು ಹೋದದ್ದು ಕಣ್ಣಂಚಿಗೆ ಕಂಡಿತು. ತಲೆ ಎತ್ತಲಿಲ್ಲ. ಹತ್ತಕ್ಕೆ ಎಂದಿನಂತೆ ತಟ್ಟಿದಳು. ನಿಂತಿತು. ನಾನು ಒಂದು ತೋಳು ಹೊಲಿದು ಮುಗಿಸುವಷ್ಟು ಹೊತ್ತು ಸುಮ್ಮನಿತ್ತು. ಆಮೇಲೆ ಮತ್ತೆ ಬಂತು. ಮೂರು ಸಲ. ಬಿಟ್ಟು, ಮೂರು ಸಲ. ಗಂಟೆ ಹತ್ತು ಇಪ್ಪತ್ತಾಗಿತ್ತು.

"ಸಾಕು ಮಾಡೇ ಮಾರಾಯ್ತಿ!" ಎಂದು ಕಿರುಚಿ, ಎದ್ದು, ಕೋಣೆಯ ಬಾಗಿಲು ಧಡಾರನೆ ಹಾಕಿಕೊಂಡೆ.

ಹನ್ನೊಂದೂವರೆಗೆ ನೀರು ಕುಡಿಯಲು ಎದ್ದು ಹೋದೆ. ಅಕ್ಕ ಐದನೇ ಡಬ್ಬದ ಪಕ್ಕ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಕೈ ಹಲಗೆಯ ಮೇಲಿತ್ತು, ಆಗಲೇ ತಣ್ಣಗಿತ್ತು.

ಭಾವ ಕೇಳಿದಾಗ "ಮಿಷನ್ ಸದ್ದಲ್ಲಿ ಏನೂ ಕೇಳಿಸ್ಲಿಲ್ಲ" ಅಂದೆ. ಅವರು ನಂಬಿದರು. ಆದರೆ ನನ್ನನ್ನು ಒಂದೇ ಪ್ರಶ್ನೆ ಹಗಲೂ ರಾತ್ರಿ ತಿನ್ನುತ್ತಿತ್ತು. ಆ ಎರಡನೇ ಸಲದ ತಟ್ಟು ಯಾವುದಕ್ಕೆ? ನನ್ನನ್ನು ಉರಿಸುವ ಆಟದ ಮುಂದುವರಿಕೆಯೇ, ಇಲ್ಲ ನನ್ನನ್ನು ಕರೆದದ್ದೇ? ಉಸಿರು ಕಟ್ಟಿದವಳು ಕೂಗಲಾರಳು. ಆಟವೇ ಇದ್ದಿರಬೇಕು, ಆಟವೇ ಇರಲಿ ದೇವರೇ ಎಂದು ನನಗೆ ನಾನೇ ಹೇಳಿಕೊಂಡೆ. ಹದಿನೈದನೆಯ ದಿನ ಸದ್ದು ಮತ್ತೆ ಕೇಳತೊಡಗಿದಾಗಲೂ ಅದನ್ನೇ ಹೇಳಿಕೊಂಡೆ. ಹತ್ತು ಇಪ್ಪತ್ತಕ್ಕೆ ಸರಿಯಾಗಿ ಬರುತ್ತಿತ್ತು, ಮೂರು ಮೂರು. ನಾನು ಕಿವಿಗೆ ಹತ್ತಿ ತುರುಕಿಕೊಂಡು ಹೊಲಿದೆ. ಹತ್ತಿಯ ಒಳಗೂ ಕೇಳಿಸಿತು.

ಗಿಡಗಳಿಗೆ ನೀರು ಮಾತ್ರ ತಪ್ಪಿಸಲಿಲ್ಲ. ಸಂಜೆ ಭಾವ ಬಂದ ಮೇಲೆ, ಅವರು ಹೊಸಿಲಲ್ಲಿ ಚಪ್ಪಲಿ ಬಿಡುವಾಗ, ಅವಸರದಲ್ಲಿ ಸುರಿದು ಬಂದುಬಿಡುತ್ತಿದ್ದೆ. ಹೂ ಬಿಡುತ್ತಿತ್ತು. ಆದರೆ ಒಂದೂ ಕಾಯಿ ಕಚ್ಚದೆ ಹಳದಿ ಹೂವೆಲ್ಲ ತೊಟ್ಟು ಸಮೇತ ಉದುರುತ್ತಿತ್ತು. ಗಿಡಕ್ಕೂ ನನ್ನ ಕೈ ಬೇಡವಾಗಿದೆ ಎನ್ನಿಸಿತು. ಭಾನುವಾರ ಭಾವ ಮನೆಯಲ್ಲಿದ್ದಾಗ, ಮೊರದಲ್ಲಿ ಗುಡಿಸಿಟ್ಟ ಹೂ ತೋರಿಸಿ ಹೇಳಿದೆ.

"ನಾನೇನು ತಪ್ಪು ಮಾಡ್ತಿದೀನೋ ಗೊತ್ತಾಗ್ತಿಲ್ಲ ಭಾವ. ನೀರು ಸರಿಯಾಗೇ ಹಾಕ್ತಿದೀನಿ."

"ನೀರಲ್ಲ ಸೂಜಿ. ಅದನ್ನ ತಟ್ಟಬೇಕು," ಅಂದರು.

"ಏನನ್ನ?"

"ಹೂವನ್ನ. ಗಾಜು ಮುಚ್ಚಿದೆ, ಗಾಳಿ ಇಲ್ಲ, ಜೇನು ಬರಲ್ಲ. ಟೊಮೆಟೊ ಹೂ ಅಲುಗಾಡಿದ್ರೇನೇ ಒಳಗಿನ ಪುಡಿ ಉದುರೋದು, ಆಗಲೇ ಕಾಯಿ ಕಟ್ಟೋದು. ಮೊದಲು ನಿನ್ನ ಮಿಷನ್ನೇ ಅಲುಗಾಡಿಸ್ತಿತ್ತು, ಅದಕ್ಕೇ ಅವಳು ಹಲಗೆಗೆ ಒತ್ತಿ ಇಟ್ಟಿದ್ದು. ನೀನು ಮಿಷನ್ ಒಳಗೆ ಒಯ್ದ ಮೇಲೆ ದಿನಾ ಬೆಳಿಗ್ಗೆ ತಾನೇ ಹಲಗೆ ತಟ್ಟೋಕೆ ಶುರು ಮಾಡಿದ್ಲು. ನಿಂಗೆ ಹೇಳಿರ್ಲಿಲ್ವಾ?"

ನಾನು ತಲೆ ಅಲ್ಲಾಡಿಸಿದೆ. ಹತ್ತೊಂಬತ್ತು ದಿನ ಅವಳು ನನ್ನನ್ನು ಅಣಕಿಸಿರಲೇ ಇಲ್ಲ. ಎದೆಯ ಮೇಲೆ ಕೂತಿದ್ದ ಒಂದು ಕಲ್ಲು ಜರುಗಿದಂತಾಯಿತು. ಹಾಗಾದರೆ ಎರಡನೇ ಸಲದ್ದೂ ಹೂವಿಗೇ ಇರಬೇಕು. ಯಾವುದೋ ಒಂದು ಡಬ್ಬ ಉಳಿದಿತ್ತು, ಅದನ್ನು ತಟ್ಟುವಾಗ ಕುಸಿದಳು. ಅಳು, ನಗು ಎರಡೂ ಒಟ್ಟಿಗೆ ಬಂದವು.

ಭಾವ ಗಿಡದ ಹತ್ತಿರ ಬಗ್ಗಿ ಒಂದು ಗೊಂಚಲಿನ ತೊಟ್ಟು ತೋರಿಸಿದರು. ಅದಕ್ಕೊಂದು ಹಸಿರು ದಾರ ಕಟ್ಟಿತ್ತು. ಗಿಡದ ತುಂಬ ಅಂಥ ದಾರಗಳು, ಬಿಳಿ, ಕಂದು, ನೀಲಿ. ಭಾರಕ್ಕೆ ಬಾಗದಿರಲೆಂದು ಕಟ್ಟಿದ್ದಾಳೆ ಎಂದು ನಾನು ತಿಳಿದಿದ್ದೆ.

"ಇದು ಅವಳ ಗುರುತು," ಅಂದರು. "ಆವತ್ತು ಅರಳಿದ ಗೊಂಚಲನ್ನ ತಟ್ಟಿ, ಆದ್ಮೇಲೆ ಒಂದು ದಾರ ಕಟ್ಟೋದು. ದಾರ ಕಟ್ಟಿದ್ರೆ ಅಲ್ಲಿಗೆ ಕೆಲಸ ಮುಗೀತು ಅಂತ. ನೀನು ಹೊಲಿದು ಬುಟ್ಟಿಗೆ ಎಸೀತಿದ್ಯಲ್ಲ, ಅದೇ ತುಂಡುಗಳು. ಸೂಜಿ ಮಾತು ಬಿಟ್ಟಿದಾಳೆ, ಆದ್ರೂ ಇವತ್ತು ಏನ್ ಹೊಲೀತಿದಾಳೆ ಅಂತ ಗೊತ್ತಾಗುತ್ತೆ ಅಂತಿದ್ಲು."

ಅಕ್ಕನ ಕಡೆಯ ದಿನ ನಾನು ಹೊಲಿದದ್ದು ನೇರಳೆ. ಮೊದಲನೇ ಡಬ್ಬಕ್ಕೆ ಹೋದೆ. ಎಲೆ ಸರಿಸಿ ನೋಡಿದೆ. ಮೇಲಿನ ಕಡೆ ಒಂದು ಗೊಂಚಲಿಗೆ ನೇರಳೆ ದಾರವಿತ್ತು, ಅದರ ಕೆಳಗೆ ನಿಂಬೆಯಷ್ಟು ದಪ್ಪದ ಎರಡು ಹಸಿರು ಕಾಯಿ. ಅದಕ್ಕಿಂತ ಮೇಲೆ ಬರೀ ಬೋಳು ತೊಟ್ಟುಗಳು. ಎರಡನೆಯದಕ್ಕೆ ನೇರಳೆ. ಮೂರಕ್ಕೆ, ನಾಲ್ಕಕ್ಕೆ ನೇರಳೆ. ಐದನೆಯದರ ಮುಂದೆ ಮೊಣಕಾಲೂರಿ ಕೂತೆ. ಇಲ್ಲಿ ಇರದಿರಲಿ, ಇದೊಂದರಲ್ಲಿ ಇರದಿರಲಿ ಎಂದು ಬೇಡಿಕೊಳ್ಳುತ್ತ ಒಂದೊಂದೇ ಎಲೆ ಎತ್ತಿದೆ.

ಅಲ್ಲೂ ಇತ್ತು. ಎರಡು ಸುತ್ತು ಸುತ್ತಿ, ಅವಸರವಿಲ್ಲದೆ, ಅಚ್ಚುಕಟ್ಟಾಗಿ ಹಾಕಿದ ಗಂಟು. ಆ ಗಂಟು ಹಾಕುವುದನ್ನು ಚಿಕ್ಕಂದಿನಲ್ಲಿ ಅವಳಿಗೆ ಕಲಿಸಿದ್ದು ನಾನೇ. ಆವತ್ತಿನ ಕೆಲಸ ಪೂರ್ತಿ ಮುಗಿದಿತ್ತು. ತಟ್ಟಲು ಇನ್ನು ಯಾವ ಹೂವೂ ಉಳಿದಿರಲಿಲ್ಲ.

ನಾನು ಅಲ್ಲೇ ಕೂತು ಭಾವನಿಗೆ ಎಲ್ಲ ಹೇಳಿಬಿಟ್ಟೆ. ಕೇಳಿಸಿತ್ತು, ಬೈದೆ, ಬಾಗಿಲು ಹಾಕಿಕೊಂಡೆ. ಅವರ ಕೈಯಲ್ಲಿ ಗಿಡಕ್ಕೆಂದು ತಂದ ನೀರಿನ ಮಗ್ಗು ಇತ್ತು. ಅದನ್ನು ಹಿಡಿದೇ ಕೇಳಿದರು.

"ಎಷ್ಟು ಸಲ ತಟ್ಟಿದ್ಲು?"

"ಮೂರು ಮೂರು. ಎರಡು ಸಲ ಕೇಳ್ದೆ. ಆಮೇಲೆ ಬಾಗಿಲು ಹಾಕ್ದೆ, ಗೊತ್ತಿಲ್ಲ."

ಭಾವ ಮಗ್ಗು ಕೆಳಗಿಟ್ಟರು. ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಹೊಡೆದಿದ್ದರೂ ಸುಮ್ಮನೆ ಹೊಡೆಸಿಕೊಳ್ಳುತ್ತಿದ್ದೆ.

"ರಜೆ ದಿನ ನಂಗೂ ಕೇಳಿಸುತ್ತೆ ಅದು," ಅಂದರು. "ಪೈಪು, ಗೋಡೆ, ಲಿಫ್ಟು ಎಲ್ಲಾ ನೋಡ್ದೆ. ಎಲ್ಲಿಂದ್ಲೂ ಬರ್ತಿಲ್ಲ. ಹೋದ ವಾರ ಎದ್ದು ಬಂದು ಇಲ್ಲೇ ನಿಂತ್ಕೊಂಡೆ. ನಾನು ನಿಂತಿದ್ರೂ ತಟ್ತಾನೇ ಇತ್ತು. ಅದು ನನ್ನ ಕರೀತಿಲ್ಲ."

ಅಷ್ಟು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆವತ್ತು ಹತ್ತು ಇಪ್ಪತ್ತು ಆಗಲೇ ಕಳೆದುಹೋಗಿತ್ತು.

ಸೋಮವಾರ ಮೊದಲಿನ ಹಾಗೇ ಯಂತ್ರದ ಮುಂದೆ ಕೂತೆ. ಕಿವಿಯಲ್ಲಿ ಹತ್ತಿ ಇರಲಿಲ್ಲ. ಗಡಿಯಾರದ ಮುಳ್ಳು ಸರಿಯುವುದನ್ನೇ ನೋಡುತ್ತಿದ್ದೆ. ಟಕ್, ಟಕ್, ಟಕ್.

"ಬಂದೆ ಅಕ್ಕಾ, ಬಂದೆ," ಎಂದು ಕೂಗಿ ಓಡಿದೆ. ಓಡುವ ಭರದಲ್ಲಿ ಹೊಲಿಯುತ್ತಿದ್ದ ಬಟ್ಟೆ ಕಾಲಿಗೆ ಸುತ್ತಿಕೊಂಡು ಬಾಗಿಲಿಗೆ ಹಣೆ ಬಡಿಯಿತು. ಬಾಲ್ಕನಿಯಲ್ಲಿ ಯಾರೂ ಇರಲಿಲ್ಲ. ಬಿಸಿಲಿತ್ತು, ಟೊಮೆಟೊ ಎಲೆಯ ಘಾಟು ವಾಸನೆಯಿತ್ತು. ಐದನೇ ಡಬ್ಬದ ಪಕ್ಕ ಗೋಡೆಗೊರಗಿ ಕೂತು ಹಲಗೆಯ ಮೇಲೆ ಅಂಗೈ ಇಟ್ಟೆ. ಹಲಗೆ ಬೆಚ್ಚಗಿತ್ತು. ಸದ್ದು ಮತ್ತೆ ಬರಲಿಲ್ಲ.

ಈಗ ಯಂತ್ರ ಮತ್ತೆ ಬಾಲ್ಕನಿಗೆ ಬಂದಿದೆ, ನಡುವೆ ಅದೇ ರಟ್ಟು ಇಟ್ಟಿದ್ದೇನೆ, ಗಾಜು ತೆರೆದಿರುತ್ತದೆ. ಕಾಯಿ ಕಚ್ಚುತ್ತಿದೆ. ನೇರಳೆ ದಾರದ ಹಣ್ಣುಗಳನ್ನು ಕೀಳದೆ ಬೀಜಕ್ಕೆ ಬಿಟ್ಟಿದ್ದೇನೆ. ಭಾವ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾರೆ, ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ನನಗಿಲ್ಲ. ತಟ್ಟುವ ಸದ್ದು ದಿನವೂ ಬರುತ್ತದೆ, ನಾನು ಪಕ್ಕದಲ್ಲೇ ಇದ್ದರೂ ಬರುತ್ತದೆ. ಹತ್ತು ಇಪ್ಪತ್ತಕ್ಕೆ ಕೈಯಲ್ಲಿದ್ದ ಬಟ್ಟೆ ಬಿಟ್ಟು, ಬಂದೆ ಎಂದು ಹೇಳಿ, ಅವಳು ಕೂತಿದ್ದ ಜಾಗದಲ್ಲಿ ಕೂರುತ್ತೇನೆ. ಆಗ ನಿಲ್ಲುತ್ತದೆ. ಹನ್ನೊಂದೂವರೆಯಾಗುವ ತನಕ ಅಲ್ಲಿಂದ ಅಲುಗಾಡುವುದಿಲ್ಲ. ಆಮೇಲೆ ಎದ್ದು ನೀರು ಕುಡಿಯಲು ಹೋಗುತ್ತೇನೆ.