ಗುರಿಯಮ್ಮನ ಹಗುರ ಬಂದೂಕು

ಗುರಿಯಮ್ಮ ನಡೆದು ಬರುವಾಗ ಅವರ ಬಲಹೆಗಲು ಎಡಹೆಗಲಿಗಿಂತ ಒಂದಿಷ್ಟು ತಗ್ಗಿಯೇ ಇರುತ್ತಿತ್ತು. ಬಂದೂಕು ಹೊರದ ದಿನವೂ ಅದರ ಭಾರ ಅಲ್ಲೇ ಕುಳಿತು ಸವಾರಿ ಮಾಡುತ್ತಿದೆಯೇನೋ ಎಂಬಂತೆ. ಉಕ್ಕು ಮತ್ತು ಗಟ್ಟಿಮರದ ಹಳೆಯ ರೈಫಲೊಂದರ ಸಂಗದಲ್ಲಿ ಅರ್ಧ ಆಯುಷ್ಯ ಕಳೆದವರು ಅವರು. ಮೊಣಕೈಗೆ ತೇಪೆ ಹಾಕಿದ ಚರ್ಮದ ಕೋಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಹಾಕಿಕೊಳ್ಳುತ್ತ, ಯಾರು ಏನು ಕೇಳಿದರೂ "ನೋಡೋಣ, ಗುರಿ ಹೇಳುತ್ತೆ" ಎಂದುಬಿಡುವುದು ಅವರ ವಾಡಿಕೆ. ನಮ್ಮ ಶೂಟಿಂಗ್ ಕ್ಲಬ್ಬಿನಲ್ಲಿ ಆ ಹೆಸರು ಅಂಟಿಕೊಂಡದ್ದೂ ಹಾಗೆಯೇ.

ಆ ಹೆಗಲಿಗೆ ಶಸ್ತ್ರಚಿಕಿತ್ಸೆಯಾಯಿತು. ಹಳೆಯ ರೈಫಲನ್ನು ಇನ್ನು ಮುಟ್ಟಕೂಡದೆಂದು ವೈದ್ಯರು ಕಡ್ಡಿ ಮುರಿದಂತೆ ಹೇಳಿದರು. ತಂಡದ ನಾಯಕ ಅವರ ಒಡಹುಟ್ಟಿದ ತಮ್ಮನೇ. "ಸಾಕು ಬಿಡಕ್ಕ, ಇನ್ಮೇಲೆ ಅಂಕ ಹಾಕೋ ಕುರ್ಚೀಲಿ ಕೂತ್ಕೋ" ಎಂದ. ಆ ಕುರ್ಚಿಯನ್ನು ಕಂಡರೆ ಗುರಿಯಮ್ಮನಿಗೆ ಮೊದಲಿನಿಂದಲೂ ಆಗದು. ಕಾರ್ಬನ್ ಫೈಬರ್ ಚೌಕಟ್ಟಿನ, ಹಳೆಯದರ ಅರ್ಧದಷ್ಟೂ ತೂಗದ ಕಪ್ಪು ರೈಫಲೊಂದನ್ನು ಅವರು ತಂದೇಬಿಟ್ಟರು. ತಮ್ಮ ಅದನ್ನು ಆಟದ ಸಾಮಾನೆಂದು ಮೂಗು ಮುರಿದ. ತಂಡದ ಆಯ್ಕೆಯ ಪಂದ್ಯದಲ್ಲಿ ತನಗೆ ಸೋತರೆ ಕುರ್ಚಿಯೇ ಗತಿ ಎಂಬ ಅವನ ಷರತ್ತಿಗೆ ಅಕ್ಕ ಒಪ್ಪಿದರು.

ಮೊದಲ ದಿನದ ಗುಂಡುಗಳೆಲ್ಲ ಗುರಿಯ ನೆತ್ತಿ ದಾಟಿ ಹಾರಿದವು. ತುಂಬಿದೆಯೆಂದು ನಂಬಿ ಖಾಲಿ ಕೆಟಲನ್ನು ಎತ್ತಿದವರ ಕೈಯಂತೆ, ಇಲ್ಲದ ಭಾರವನ್ನು ಅವರ ತೋಳು ಬಲವಾಗಿ ಎತ್ತುತ್ತಿತ್ತು. ಮನೆಗೆ ಹೋದವರು ಅಡುಗೆಮನೆಯಲ್ಲಿ ಖಾಲಿ ಕೆಟಲೊಂದನ್ನು ಹಿಡಿದು ನಿಂತು ಹೊಸ ಸಾಧನೆಗೆ ತೊಡಗಿದರು.

"ಅತ್ತೆ, ಅದರಲ್ಲಿ ನೀರೇ ಇಲ್ಲ. ಎತ್ತಿ ಎತ್ತಿ ಯಾಕೆ ಇಡ್ತಿದ್ದೀರಿ?" ಎಂದು ಸೊಸೆ ಕೇಳಿದಳು.

"ಇಲ್ಲ ಅಂತ ನನಗೆ ಗೊತ್ತಮ್ಮ. ಕೈಗಿನ್ನೂ ಗೊತ್ತಾಗಿಲ್ಲ."

ಪಂದ್ಯದ ದಿನ ನಾವೆಲ್ಲ ಉಸಿರು ಬಿಗಿಹಿಡಿದು ಹಿಂದೆ ನಿಂತಿದ್ದೆವು. ಗುರಿಯಮ್ಮ ಕೋಟಿನ ಗುಂಡಿ ಹಾಕಿಕೊಂಡರು, ಕೆನ್ನೆಯನ್ನು ಆ ಕಪ್ಪು ಚೌಕಟ್ಟಿಗೆ ಒರಗಿಸಿದರು. ಈ ಸಲ ತೋಳು ಎತ್ತುವ ಗೋಜಿಗೆ ಹೋಗದೆ ಸುಮ್ಮನೆ ಹಿಡಿದುಕೊಂಡಿತು. ಗುಂಡಿನ ಮೇಲೆ ಗುಂಡು ನಟ್ಟನಡುವೆ ಹೋಗಿ ನಾಟಿತು. ಕೊನೆಗೆ ಅಂಕ ಕೂಡಿಸಿದಾಗ ಮೊದಲನೆಯ ಸ್ಥಾನ ಅಕ್ಕನದು, ಎರಡನೆಯದು ತಮ್ಮನದು. ಕ್ಲಬ್ಬಿಗೆ ಕ್ಲಬ್ಬೇ ಚಪ್ಪಾಳೆಯಲ್ಲಿ ಮುಳುಗಿಹೋಯಿತು.

"ಎಲ್ಲಿ, ಕೊಡು ನೋಡೋಣ" ಎಂದು ತಮ್ಮ, ಗುಂಡು ತೆಗೆದಿಟ್ಟ ಆ ರೈಫಲನ್ನು ಹಳೆಯ ರೂಢಿಯಂತೆ ಬಲ ಹಾಕಿ ಎತ್ತಿದ. ಅದರ ಮೂತಿ ನೆಟ್ಟಗೆ ಸೂರಿನತ್ತ ಹಾರಿತು. ಅವನು ಹಿಂದಕ್ಕೆ ತತ್ತರಿಸಿ, ಅಂಕ ಹಾಕುವ ಕುರ್ಚಿಯಲ್ಲೇ ಕುಕ್ಕರಿಸಿದ.

"ಮೆಲ್ಲಗೆ ಕಣೋ," ಎಂದರು ಗುರಿಯಮ್ಮ. "ಎದ್ದೇಳೋಕೇನೂ ಅವಸರ ಇಲ್ಲ."

ಅವನೂ ಮನಸಾರೆ ನಕ್ಕ.

ಭಾರ ಹೊರುವ ಧೀರರಿಗೆ ಲೋಕದಲ್ಲಿ ಜಯಕಾರ ಧಾರಾಳವಾಗಿ ಸಿಗುತ್ತದೆ, ಸಿಗಲಿ. ಜೀವಮಾನದ ಭಾರವನ್ನು ತೋಳಿನ ನೆನಪಿನಿಂದಲೂ ಇಳಿಸಿ, ಹಗುರವಾದುದನ್ನು ಹಗುರವಾಗಿಯೇ ಹಿಡಿಯಲು ಇಳಿವಯಸ್ಸಿನಲ್ಲಿ ಮೊದಲಿನಿಂದ ಕಲಿಯುವ ಜೀವಗಳು ಅಪರೂಪ; ಅಂಥವರು ಗೆದ್ದ ದಿನ ನೋಡುತ್ತ ನಿಂತವರ ಹೆಗಲೂ ಹಗುರಾಗುತ್ತದೆ.