ನಗಾರಿ ಮಶೀನಿನ ಮಡಿ

“ಗಂಡನ ಮಣ್ಣಿನ ಮ್ಯಾಲಿನ ಹೂವು ಬಾಡಿಲ್ಲ, ಆಗಲೇ ಶಟರ್ ಎತ್ತೀಯಲ್ಲ ಮುಂಡಿ. ನಾಚಿಕಿ ಅನ್ನಾದು ಅದನೋ, ಅದನ್ನೂ ಅವನ ಸಂಗಾಟ ಹುಗದು ಬಂದಿಯೋ?”

ಗೌಡ ಇದನ್ನು ಗಾಡಿಯಿಂದ ಇಳಿಯದೆ, ಮೊಣಕೈ ಕಿಟಕಿಯ ಹೊರಗಿಟ್ಟುಕೊಂಡೇ ಕೇಳಿದ. ಕೇಳಿದ್ದು ಉತ್ತರಕ್ಕಲ್ಲ ಎಂದು ದಾನೇಶ್ವರಿಗೆ ಗೊತ್ತಿತ್ತು.

ಅಂದು ಬೆಳಿಗ್ಗೆ ಯಾರ ಮನೆಯಿಂದಲೂ ರೊಟ್ಟಿ ಬಂದಿರಲಿಲ್ಲ. ಶಹಾಪುರದ ರಸ್ತೆಯಲ್ಲಿ ಲಾರಿಯೊಂದು ಗಂಡ ಬುದ್ಧಪ್ರಿಯನ ಬೈಕಿನ ಮೇಲೆ ಹಾದುಹೋದ ದಿನದಿಂದ ಓಣಿಯವರು ಸರದಿಯ ಮೇಲೆ ಬುತ್ತಿ ಕಳಿಸುತ್ತಿದ್ದರು. ಅದು ನಿಂತಿತೆಂದರೆ ಸಾವು ಹಳೆಯದಾಯಿತು, ಇನ್ನು ಮಾಮೂಲು ದಿನ ಎಂದು ಅವಳು ತಿಳಿದುಕೊಂಡಳು. ಮುಖ ತೊಳೆದು, ಬೀಗದ ಕೈ ಹುಡುಕಿ, ಕೆಂಭಾವಿ ಬಸ್ ನಿಲ್ದಾಣದ ಹಿಂದಿದ್ದ ಅವನ ಲೇತ್ ಅಂಗಡಿಗೆ ಬಂದಳು. ಅಲ್ಲಿ ಇದ್ದದ್ದು ಕಬ್ಬಿಣ ಕಡೆಯುವ ಒಂದು ಲೇತು, ಒಂದು ವೆಲ್ಡಿಂಗ್ ಸೆಟ್ಟು, ಒಬ್ಬ ಮೇಸ್ತ್ರಿ ಇಸ್ಮಾಯಿಲಸಾಬ. ಮೂವರಿಗೂ ಕೆಲಸವಿರಲಿಲ್ಲ. ತೊಗರಿ ಇನ್ನೂ ಹೊಲದಲ್ಲಿತ್ತು. ರಾಶಿಯ ಕಾಲ ಬರುವವರೆಗೆ ಯಾರ ಮಶೀನೂ ಕೆಡುವಂತಿರಲಿಲ್ಲ. ಮೈದುನ ಮಣ್ಣು ಕೊಟ್ಟ ದಿನವೇ ಲೇತಿಗೆ ಗಿರಾಕಿ ಹುಡುಕಿದ್ದ. ಲೇತು ಶಹಾಪುರಕ್ಕೆ, ಅತ್ತಿಗೆ ಕೊಂಕಲ್‌ನ ತವರಿಗೆ ಎಂದು ಲೆಕ್ಕ ಹಾಕಿದ್ದ. ಅವಳು ಕಲಬುರಗಿಯಿಂದ ಓದಿ ತಂದ ಎಂ.ಎ. ಆ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ.

ಗೌಡನ ಬೇಳೆ ಮಿಲ್ಲಿನ ವರ್ಷದ ರಿಪೇರಿ ಕಾಂಟ್ರ್ಯಾಕ್ಟು ಸಿಕ್ಕರೆ ಲೇತು ಉಳಿಯುತ್ತಿತ್ತು, ಲೇತಿನ ಜೊತೆಗೆ ಅವಳೂ. ಹಾಗಾಗಿ ಬೈಗುಳವನ್ನು ಪಕ್ಕಕ್ಕೆ ಸರಿಸಿ ಕಾಂಟ್ರ್ಯಾಕ್ಟು ಕೇಳಿದಳು.

ಗೌಡ ಹೆಬ್ಬೆರಳಿನಿಂದ ಹಿಂದೆ ತೋರಿಸಿದ. ಗಾಡಿಯಲ್ಲಿ ಗುಡಿಯ ನಗಾರಿ ಮಶೀನು ಮಲಗಿತ್ತು. ಗುಂಡಿ ಒತ್ತಿದರೆ ಮೋಟರು ಶಾಫ್ಟನ್ನು ತಿರುಗಿಸಿ, ಕೋಲು ನಗಾರಿಗೆ ಬಡಿದು, ಗಂಟೆಗಳು ತಾವಾಗಿ ಅಲ್ಲಾಡುವ ಮಶೀನು. ಅದು ಬರುವ ಮೊದಲು ಗುಡಿಯ ಮೆಟ್ಟಿಲ ಕೆಳಗೆ ನಿಂತು ಹಲಗೆ ಬಾರಿಸುತ್ತಿದ್ದವನು ದಾನೇಶ್ವರಿಯ ಮಾವ ತಾಯಪ್ಪ. ಮಶೀನು ಬಂದ ದಿನ ಅವನಿಗೆ ನಾಳೆಯಿಂದ ಬರಬೇಡ ಎಂದಿದ್ದರು. ಈಗ ಮಶೀನು ನರಳುತ್ತಿತ್ತು, ಮಾರಿದವರು ಫೋನು ಎತ್ತುತ್ತಿರಲಿಲ್ಲ. ಇದನ್ನು ದೇವರ ಸೇವೆಯೆಂದು ಮಾಡಿಕೊಡು, ಸರಿಯಾಗಿ ಬಾರಿಸಿದರೆ ಮಿಲ್ಲಿನ ಕೆಲಸ ನಿನ್ನದು ಎಂದ ಗೌಡ.

ತಾಯಪ್ಪ ಅಂಗಡಿಗೆ ಬಂದು, ಆಸ್ಪತ್ರೆಯಲ್ಲಿ ಬೀಗರನ್ನು ನೋಡುವವನಂತೆ ಮಶೀನನ್ನು ಸುತ್ತುಹಾಕಿದ.

“ಕೂದಲಾ ಬೆಳ್ಳಗಾಗಾತನ ಬಡದೆ. ನನ್ನ ಬೇರಿಂಗ್ ಒಮ್ಮಿನೂ ಹೋಗಲಿಲ್ಲ” ಎಂದು ಹೇಳಿ, ತೃಪ್ತಿಯಿಂದ ಬೀಡಿ ಹಚ್ಚಿದ.

ಇಸ್ಮಾಯಿಲಸಾಬ ಬೇರಿಂಗು ಬದಲಿಸಿದ. ದಾನೇಶ್ವರಿ ಬೋಲ್ಟು ಬಿಗಿದಳು. ಒಯ್ದು ಗುಡಿಯ ಮೆಟ್ಟಿಲ ಕೆಳಗೆ ಇಳಿಸಿದಾಗ ಪೂಜಾರಿ ವಿಶ್ವರಾಧ್ಯ ಬಿಂದಿಗೆ ಹಿಡಿದೇ ನಿಂತಿದ್ದ. ಎಂಥೆಂಥವರ ಅಂಗಡಿಯಲ್ಲಿ ಬಿದ್ದು ಬಂದಿದೆ, ಹಾಗೇ ಒಳಗೆ ತೆಗೆದುಕೊಳ್ಳಲಾಗುವುದಿಲ್ಲ ಎಂದು ಮೊದಲು ಗೋಮೂತ್ರ ಸುರಿದ. ಆಮೇಲೆ ನೀರು. ಒಂದು ಬಿಂದಿಗೆ ಹೊರಗಿನ ಮೈಲಿಗೆಗೆ, ಇನ್ನೊಂದು ಮುಚ್ಚಳ ತೆಗೆಸಿ ಒಳಗಿನ ಮೈಲಿಗೆಗೆ.

“ಅಯ್ಯನೋರ, ಒಳಗ ಮೋಟರ್ ಅದ್ರಿ. ಕರೆಂಟ್ ಹಾಯ್ತದ್ರಿ” ಎಂದ ಇಸ್ಮಾಯಿಲಸಾಬ.

“ಹಾಯಲಿ. ಕರೆಂಟೂ ಮಡಿ ಆಗತದ.”

ಮುಂದಿನ ಸೋಮವಾರದ ಆರತಿಗೆ ಮಶೀನು ಎರಡು ಪೆಟ್ಟು ಬಡಿದು, ಎತ್ತಿದ ಕೋಲು ಎತ್ತಿದಂತೆಯೇ ನಿಂತುಬಿಟ್ಟಿತು.

ಗೌಡ ಅವಳನ್ನು ತನ್ನ ಮನೆಗೆ ಕರೆಸಿದ. ಅವಳು ಕಟ್ಟೆಯ ಕೆಳಗೆ ನಿಂತಳು. ಅವನು ಕಟ್ಟೆಯ ಮೇಲೆ ಕೂತು, ಹೆಣ್ಣಿನ ಕೈಗೆ ಸ್ಪ್ಯಾನರ್ ಕೊಟ್ಟದ್ದರಿಂದ ಹಿಡಿದು ಸಂವಿಧಾನದವರೆಗೆ ಎಲ್ಲವನ್ನೂ ಬೈದ. ಬೈದು ಮುಗಿದ ಮೇಲೆ ಇವಳು ಹೊಸದಾಗಿ ಗಂಡ ಸತ್ತವಳು ಎಂಬುದು ನೆನಪಾಯಿತೇನೋ, ಒಳಗೆ ಕೂಗಿ ಚಹಾ ತರಿಸಿದ. ತಾಟಿನಲ್ಲಿ ಕೆಟಲಿ ಬಂತು. ಗೌಡ ದನದ ಕೊಟ್ಟಿಗೆಯ ಗೋಡೆಯ ಗೂಡಿನತ್ತ ನೋಡಿದ. ಗೂಡು ಖಾಲಿ ಇತ್ತು.

“ನಿಮ್ಮ ಗಿಲಾಸೇ ಇಲ್ಲಲ್ಲ” ಎಂದ. ದನಿಯಲ್ಲಿ ನಿಜವಾದ ಸಂಕಟವಿತ್ತು. “ನಿನ್ನ ಗಂಡ ಬೋರಿನ ಮೋಟರ್ ರಿಪೇರಿಗೆ ಬಂದಾಂವ, ಒಂದ್ ನಾಕ್ ದಿನ ಇಸಗೊಂಡು ಹೋಗ್ತೀನಿ ಅಂದ, ಒಯ್ದ. ಕೇಳಿದ್ರ ನಕ್ಕೋತ ಹೋಗ್ತಿದ್ದ ಸೂಳಿಮಗ. ಈಗ ಸತ್ತ. ನಾ ನಿನಗ ಚಾ ಯಾತರಾಗ ಕೊಡ್ಲಿ?”

ಅವನ ಬೆನ್ನ ಹಿಂದಿನ ಬಾಗಿಲಿನಿಂದ ಅಡುಗೆಮನೆಯ ಕಪಾಟು ಕಾಣುತ್ತಿತ್ತು. ಕಪಾಟಿನ ತುಂಬ ಗ್ಲಾಸುಗಳು ಮಕಾಡೆ ಮಲಗಿದ್ದವು. ಕೊನೆಗೆ ಗೌಡ, ಸತ್ತವರು ಇಸಗೊಂಡದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ಮಶೀನು ಮತ್ತೆ ರಿಪೇರಿ ಮಾಡಿ ತರುವಾಗ ಅದನ್ನೂ ತಾ ಎಂದು ಎದ್ದ. ಚಹಾ ಒಳಗೆ ಹೋಯಿತು.

ಗ್ಲಾಸು ಲೇತಿನ ತಲೆಯ ಮೇಲೆಯೇ ಇತ್ತು. ಹಿತ್ತಾಳೆಯದು. ಬುದ್ಧಪ್ರಿಯ ಅದರಲ್ಲಿ ಕಟಿಂಗ್ ಎಣ್ಣೆ ಹಾಕಿ ಕುಂಚ ಅದ್ದಿಡುತ್ತಿದ್ದ. ಯಾರದಿದು ಎಂದು ಅವಳು ಹಿಂದೊಮ್ಮೆ ಕೇಳಿದಾಗ, ತನ್ನಂಥವರನ್ನು ಬಿಟ್ಟು ಇನ್ಯಾರ ಬಾಯಿಗೂ ಹೋಗುವುದಿಲ್ಲ, ಇಷ್ಟು ನಿಯತ್ತಿನ ಗ್ಲಾಸು ಆ ಮನೆಯಲ್ಲಿ ಇನ್ನೊಂದಿಲ್ಲ ಎಂದಿದ್ದ.

ಇಸ್ಮಾಯಿಲಸಾಬ ಮಶೀನು ಬಿಚ್ಚಿದ. ಮಡಿಯಾದ ಮೋಟರನ್ನು ಎರಡು ದಿನ ಬಿಸಿಲಿಗಿಟ್ಟು ಒಣಗಿಸಿದ. ಮಡಿಯಾದ ಬೇರಿಂಗು ತುಕ್ಕು ಹಿಡಿದು ಇಟ್ಟಂಗಿಯ ಬಣ್ಣಕ್ಕೆ ತಿರುಗಿತ್ತು. ಅದು ಕಚ್ಚಿಕೊಂಡ ಜಾಗದಲ್ಲಿ ಶಾಫ್ಟು ಸವೆದು, ಹೊಸ ಬೇರಿಂಗು ಹಾಕಿದರೆ ಮುದುಕಿಯ ಕೈಬಳೆಯಂತೆ ಆಡುತ್ತಿತ್ತು. ತೆಳ್ಳನೆಯ ಹಿತ್ತಾಳೆ ಪಟ್ಟಿ ಸುತ್ತಿ ಬಿಗಿ ಮಾಡಬೇಕಿತ್ತು. ಅಂಗಡಿಯಲ್ಲಿ ಹಿತ್ತಾಳೆ ತಗಡು ಇರಲಿಲ್ಲ, ಶಹಾಪುರದಿಂದ ತರಬೇಕು ಎಂದ ಅವನು.

ದಾನೇಶ್ವರಿ ಗ್ಲಾಸಿನ ಎಣ್ಣೆಯನ್ನು ಡಬ್ಬಿಗೆ ಸುರುವಿ, ಸೆರಗಿನಿಂದ ಒರೆಸಿ, ಮೇಜಿನ ಮೇಲಿಟ್ಟಳು.

ಇಸ್ಮಾಯಿಲಸಾಬ ಅದನ್ನು ನೋಡಿದ, ಅವಳನ್ನು ನೋಡಿದ. ಗೌಡನಿಗೆ ತಿಳಿದರೆ ಮಿಲ್ಲು ಹೋಗುತ್ತದೆ ಎಂದ. ಅಷ್ಟು ಹೇಳಿ ತಗಡಿನ ಕತ್ತರಿಯನ್ನು ತಾನೇ ಹುಡುಕಿ ಕೊಟ್ಟ.

ಅವಳು ಕತ್ತರಿಸಿದಳು. ಗ್ಲಾಸಿನ ಮೈ ಶಾಫ್ಟಿನ ಪಟ್ಟಿಯಾಯಿತು, ತಳ ಬೇರಿಂಗಿನ ಮುಚ್ಚಳವಾಯಿತು. ಲೇತಿನ ಕೆಳಗೆ ಗುಡಿಸಿದಾಗ ಚಿಟಿಕೆಯಷ್ಟು ಚೂರು ಉಳಿದಿತ್ತು. ಗಂಡ ಸತ್ತ ಮೇಲೆ ಮೊದಲ ಸಲ ಅವಳಿಗೆ ಹಸಿವಾಯಿತು.

ಮಶೀನು ಒಯ್ದ ಸಂಜೆ ವಿಶ್ವರಾಧ್ಯ ಮತ್ತೆ ಬಿಂದಿಗೆ ಎತ್ತಿದ. ಇಸ್ಮಾಯಿಲಸಾಬ ಕೈಮುಗಿದ.

“ಹೊರಗ ನೀವು ಮಾಡ್ರಿ ಅಯ್ಯನೋರ. ಒಳಗಿನ ಮಡಿ ಈ ಸಲ ನಾವ ಮಾಡಿ ತಂದೀವಿ.”

ಆರತಿಗೆ ಜನ ಸೇರಿತ್ತು, ಗೌಡನಿಗೆ ಸದ್ದು ಬೇಕಿತ್ತು. ಪೂಜಾರಿ ಬೆರಳ ತುದಿಯಿಂದ ನಾಲ್ಕು ಹನಿ ಚಿಮುಕಿಸಿ ಬಿಂದಿಗೆ ಕೆಳಗಿಟ್ಟ. ಒಳಗಿನವರು ಮಶೀನನ್ನು ಹೊತ್ತು ಮೆಟ್ಟಿಲು ಹತ್ತಿದರು. ಅವಳು ಕೆಳಗೆ ಉಳಿದಳು.

ಗುಂಡಿ ಒತ್ತಿದರು. ನಗಾರಿ ಎದ್ದಿತು. ಗಂಟೆಗಳು ಒಂದನ್ನೊಂದು ಅಟ್ಟಿಸಿಕೊಂಡು ಬಂದವು. ಸದ್ದು ಬಸ್ ನಿಲ್ದಾಣ ದಾಟಿ ಹೋಗುತ್ತಿತ್ತು. ಕೈಮುಗಿದವರ ನಡುವಿನಿಂದ ಗೌಡ ಖುಷಿಯಿಂದ ಇಳಿದು ಬಂದು, ಎಲ್ಲರಿಗೂ ಕೇಳುವಂತೆ ನಾಳೆ ಮಿಲ್ಲಿಗೆ ಬಾ ಎಂದ. ಆಮೇಲೆ ದನಿ ತಗ್ಗಿಸಿದ.

“ಗಿಲಾಸ್ ಎಲ್ಲಿ?”

ನಾಳೆ ತರುತ್ತೇನೆ ಎಂದಿದ್ದರೆ ಸಾಕಿತ್ತು. ಮಿಲ್ಲು ಸಿಗುತ್ತಿತ್ತು, ಲೇತು ಉಳಿಯುತ್ತಿತ್ತು.

“ವಾಪಸ್ ಕೊಟ್ಟೀನ್ರಿ.”

“ಯಾರ ಕೈಯಾಗ?”

ಅವಳು ಗದ್ದ ಎತ್ತಿ ಗುಡಿಯ ಒಳಗೆ ತೋರಿಸಿದಳು. “ಬಾರಸಾಕತ್ತದಲ್ರಿ, ಅದರ ಶಾಫ್ಟಿಗೆ ಸುತ್ತೀನಿ. ಪೂರಾ ಗಿಲಾಸ್ ಅದ, ತಳಾನೂ ಬಿಟ್ಟಿಲ್ಲ.”

ಗೌಡ ತಿರುಗಿ ನೋಡಿದ. ಪೂಜಾರಿ ಆರತಿ ಎತ್ತಿದ್ದ. ಊರು ಕಣ್ಣು ಮುಚ್ಚಿ ನಿಂತಿತ್ತು. ಆರತಿಯ ನಡುವೆ ನಗಾರಿ ನಿಂತರೆ ಊರಿಗೆ ಕೇಡು ಎಂದು ಅವನ ಅಪ್ಪನೇ ಮಾಡಿಟ್ಟ ಕಟ್ಟಳೆ.

“ತಗಿ ಅದನ್ನ” ಎಂದ, ಹಲ್ಲು ಕಚ್ಚಿಕೊಂಡೇ.

ದಾನೇಶ್ವರಿ ಸೊಂಟಕ್ಕೆ ಸಿಕ್ಕಿಸಿದ್ದ ಸ್ಪ್ಯಾನರ್ ತೆಗೆದು ಕೈಯಲ್ಲಿ ಹಿಡಿದಳು. ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟಳು. ಹತ್ತಿರ ನಿಂತವರು ಕಣ್ಣು ತೆರೆದರು.

“ತಗೀಬೇಕಂದ್ರ ನಾನ ಒಳಗ ಬರಬೇಕ್ರಿ ಗೌಡ್ರ” ಎಂದಳು. “ಬರಲೇನು?”