ಅಮ್ಮನ ತಲೆನೋವು

ಕ್ಲಾಸಿನಲ್ಲಿ ಹಾಜರಿ ಕರೆಯುವುದೆಂದರೆ ರಮ್ಯಶ್ರೀಗೆ ಹೆದರಿಕೆ. ತನ್ನ ಹೆಸರು ಬರಲು ಇನ್ನೂ ಹತ್ತು ಮಂದಿ ಇರುವಾಗಲೇ ಅಂಗೈ ಬೆವರುತ್ತಿತ್ತು. 'ಪ್ರೆಸೆಂಟ್' ಎಂಬ ಒಂದು ಶಬ್ದ ಹೊರಡಿಸುವಷ್ಟರಲ್ಲಿ ಇಡೀ ದಿನ ದುಡಿದಷ್ಟು ಸುಸ್ತು. ಕಾಸರಗೋಡಿನ ಕಾಲೇಜಿಗೆ ಸೇರಿ ಎರಡನೇ ವರ್ಷವಾದರೂ ಒಬ್ಬಳೇ ಉಣ್ಣಲು ಬುತ್ತಿ ಹಿಡಿದು ಲೈಬ್ರರಿಯ ಹಿಂದಿನ ಮೆಟ್ಟಿಲಿಗೆ ಹೋಗುವುದು ತಪ್ಪಿರಲಿಲ್ಲ.

ಸಂಜೆ ಊರಿಗೆ ಹೋಗುವ ದೇಲಂಪಾಡಿಯ ಬಸ್ಸಿನಲ್ಲಿ ಕುಳಿತು ಮೊಬೈಲ್ ತೆರೆದರೆ ಮಾತ್ರ ಅವಳಿಗೆ ಮಾತು ಬರುತ್ತಿತ್ತು. ಇನ್‌ಸ್ಟಾಗ್ರಾಮಿನಲ್ಲಿ ಹೆಸರು, ಮುಖ ಯಾವುದನ್ನೂ ತೋರಿಸದೆ ತನ್ನ ಕಥೆಯನ್ನೆಲ್ಲ ಬರೆಯುತ್ತಿದ್ದಳು. ಸಾವಿರಕ್ಕೂ ಮಿಕ್ಕಿ ಜನ ಓದುತ್ತಿದ್ದರು. ಕಂಡಕ್ಟರನ ಹತ್ತಿರ 'ಇಳಿಯಲಿಕ್ಕುಂಟು' ಎನ್ನಲು ಬಾಯಿ ಬಾರದೆ ಮುಂದಿನ ಸ್ಟಾಪಿನಲ್ಲಿ ಇಳಿದು ಬಿಸಿಲಲ್ಲಿ ಹಿಂದೆ ನಡೆದದ್ದನ್ನು ಬರೆದಳು. ಒಂದು ದಿನ ತಾಯಿಯ ಬಗ್ಗೆಯೂ ಬರೆದಳು. 'ಮದುವೆ, ಉಪನಯನ ಎಂದು ಯಾರು ಕರೆದರೂ ಅಮ್ಮ ತಲೆನೋವೆಂದು ಹಣೆಗೆ ಬಟ್ಟೆ ಕಟ್ಟಿ ಮಲಗುತ್ತಾಳೆ. ಅದು ತಲೆನೋವಲ್ಲ, ಜನರ ಹೆದರಿಕೆ. ನನಗೆ ಬಂದದ್ದು ಅಲ್ಲಿಂದಲೇ.' ಮುನ್ನೂರು ಮಂದಿ ಮೆಚ್ಚಿದರು. ಅಂದು ಅವಳಿಗೆ ಎದೆಯ ಭಾರ ಇಳಿದಂತಾಗಿತ್ತು.

ಅದನ್ನು ಓದಿದವರಲ್ಲಿ ಪೂಜಾಶ್ರೀಯೂ ಒಬ್ಬಳು. ಅದೇ ಊರು, ಅದೇ ಕ್ಲಾಸು, ಅದೇ ಬಸ್ಸು. ಬಿಸಿಲಲ್ಲಿ ರಮ್ಯಶ್ರೀ ನಡೆದು ಬರುವುದನ್ನು ಅವಳು ಕಂಡಿದ್ದಳು. ಬರೆದವರು ಯಾರೆಂದು ತಿಳಿಯಲು ಅಷ್ಟು ಸಾಕಾಯಿತು.

ಆ ಭಾನುವಾರ ತಾಯಿ ಅನ್ನಪೂರ್ಣೇಶ್ವರಿ ಹೆಂಗಸರ ಉಳಿತಾಯದ ಕುಟುಂಬಶ್ರೀ ಕೂಟದಿಂದ ಬೇಗ ಬಂದರು. ವಾರದ ಕಂತು ಕಟ್ಟಲಿಕ್ಕಿದ್ದ ಕಾರಣ ಆ ಒಂದು ಕೂಟಕ್ಕೆ ಮಾತ್ರ ಅವರು ಹೇಗೋ ಹೋಗುತ್ತಿದ್ದರು, ಅಲ್ಲಿಗೂ ಕೆಲವು ವಾರ ತಲೆನೋವೆಂದು ಹೇಳಿ ಕಳಿಸುತ್ತಿದ್ದರು. ಕಾಲು ತೊಳೆದು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತರು.

"ಪೂಜಾಶ್ರೀಯ ಅಮ್ಮ ಎಲ್ಲರ ಎದುರು ಕೇಳಿದಳು. 'ಅನ್ನಪೂರ್ಣಕ್ಕಾ, ನಮ್ಮನ್ನು ಕಂಡರೆ ಎಂತಕ್ಕೆ ಹೆದರಿಕೆ? ನಾವೇನು ಹುಲಿಯಾ? ನಿಮ್ಮ ಮಗಳೇ ಮೊಬೈಲಿನಲ್ಲಿ ಬರೆದಿದ್ದಾಳಲ್ಲ' ಅಂತ. ಎಲ್ಲರೂ ನಗಾಡಿದರು. ಎಂತ ಬರೆದದ್ದು ನೀನು?"

ರಮ್ಯಶ್ರೀ ಆ ಬರಹ ತೆರೆದು ಮೊಬೈಲನ್ನೇ ಕೊಟ್ಟಳು. ತಾಯಿ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಒಲೆಯ ಮೇಲೆ ಗಂಜಿ ಉಕ್ಕಿ ಇಳಿಯಿತು, ಇಬ್ಬರೂ ಏಳಲಿಲ್ಲ.

"ಇಪ್ಪತ್ತೆರಡು ವರ್ಷ ಆಯಿತು ಮದುವೆಯಾಗಿ," ಎಂದರು ತಾಯಿ. "ನಿನ್ನ ಅಪ್ಪನಿಗೂ ಗೊತ್ತಿಲ್ಲ ಇದು. ಸಾವಿರ ಜನಕ್ಕೆ ಹೇಳಿದೆಯಲ್ಲ, ನನ್ನ ಹತ್ರ ಒಂದು ಮಾತು ಕೇಳಬಾರದಿತ್ತಾ?"

"ನಿನ್ನ ಹತ್ರ ಹೇಳಲಿಕ್ಕೂ ಹೆದರಿಕೆ ಅಮ್ಮ."

ತಾಯಿ ಕನ್ನಡಕ ತೆಗೆದು ಮೊಬೈಲ್ ಹಿಂದೆ ಕೊಟ್ಟರು. ಬೈಯುವ ಶಕ್ತಿಯೂ ಅವರಲ್ಲಿ ಉಳಿದಂತಿರಲಿಲ್ಲ. "ನಿನ್ನದು ಬೇಕಾದರೆ ಇರಲಿ. ನನ್ನದು ತೆಗೆ," ಎಂದು ಎದ್ದರು.

ತೆಗೆದಳು. ಮರುದಿನ ಬಸ್ಸಿನಲ್ಲಿ ಪೂಜಾಶ್ರೀ ಪಕ್ಕದಲ್ಲೇ ಬಂದು ಕುಳಿತಳು. "ನಾನು ಅಮ್ಮನ ಹತ್ರ ಮಾತ್ರ ಹೇಳಿದ್ದು ಮಾರಾಯ್ತಿ. ಪಾಪ ಅಂತ ಅನಿಸಿ ಹೇಳಿದ್ದು." ರಮ್ಯಶ್ರೀಗೆ ಸಿಟ್ಟು ಬರಲಿಲ್ಲ. ತಾನು ಮಾಡಿದ್ದೂ ಅದನ್ನೇ ಎಂದು ಹೊಳೆದು ಕಿಟಕಿಯ ಕಡೆ ತಿರುಗಿದಳು.

ಮುಂದಿನ ಭಾನುವಾರ ಕೂಟದ ಹೊತ್ತಾದರೂ ತಾಯಿ ಸೀರೆ ಬದಲಿಸಲಿಲ್ಲ. ಹೋಗಲು ಧೈರ್ಯವಿಲ್ಲ, ತಲೆನೋವು ಎಂದು ಹೇಳಿ ಕಳಿಸುವಂತೆಯೂ ಇಲ್ಲ. ಇಷ್ಟು ವರ್ಷ ಮರೆಯಾಗಿ ನಿಂತಿದ್ದ ಆ ಒಂದು ಸುಳ್ಳನ್ನು ಮಗಳು ಕಿತ್ತು ಹಾಕಿದ್ದಳು.

"ನಾನು ಹೋಗಿ ಹೇಳುತ್ತೇನೆ," ಎಂದಳು ರಮ್ಯಶ್ರೀ.

ಕೂಟದ ಮನೆಯ ಜಗಲಿಯಲ್ಲಿ ಹನ್ನೆರಡು ಹೆಂಗಸರು ಒಮ್ಮೆಲೇ ತಿರುಗಿ ನೋಡಿದರು. ಅವಳು ಜಗಲಿಯ ಕಂಬ ಹಿಡಿದುಕೊಂಡಳು.

"ಅಮ್ಮ ಬರುವುದಿಲ್ಲ."

"ಎಂತ, ತಲೆನೋವಾ?" ಯಾರೋ ಕೇಳಿದರು.

"ಅಲ್ಲ. ಅವರಿಗೆ ಬರಲಿಕ್ಕೆ ಆಗುವುದಿಲ್ಲ. ನಗಾಡಬೇಡಿ."

ಸ್ವರ ಒಡೆದು ಕೊನೆಯ ಮಾತು ಅರ್ಧವೇ ಕೇಳಿಸಿತು. ಪೂಜಾಶ್ರೀಯ ತಾಯಿ ತಲೆ ತಗ್ಗಿಸಿದರು. ಒಬ್ಬರು ಹಾಜರಿ ಪುಸ್ತಕ ಬಿಡಿಸಿ, "ಆಗಲಿ ಮಗಾ, ರಜೆ ಅಂತ ಬರೆಯುತ್ತೇನೆ," ಎಂದರು.

ಮನೆ ಮುಟ್ಟುವಾಗ ಅವಳ ಬೆನ್ನು ಪೂರ್ತಿ ಒದ್ದೆಯಾಗಿತ್ತು. ತಾಯಿ ಬಾಗಿಲಲ್ಲೇ ಕಾದಿದ್ದರು.

"ಎಂತ ಹೇಳಿದೆ?"

"ಆಗುವುದಿಲ್ಲ ಅಂತ."

"ಅಷ್ಟೆಯಾ?"

"ಅಷ್ಟೆ."

ತಾಯಿ ಚಾಪೆ ಹಾಸಿದರು. ಇಬ್ಬರೂ ಅಕ್ಕಪಕ್ಕ ಮಲಗಿದರು. ಹಣೆಗೆ ಯಾರೂ ಬಟ್ಟೆ ಕಟ್ಟಿರಲಿಲ್ಲ.